ಹೊಳೆ ನೀರು ಹೊಕ್ಕ ಮನೆ: ಪುಟ್ಟಿ ಯಾವಾಗ ಹಚ್ಚಬಹುದು?

ಹೊಳೆದಂಡಿ:
ಗೋಕಾಕ, ಘಟಪ್ರಭಾ ದಂಡೆಯ ಮನೆ. ಒಳಗೆ ಎರಡೂವರೆ ಅಡಿ ನೀರು ಮೂರು ದಿನ ನಿಂತು ಇಳಿದಿದೆ. 9 ಇಂಚಿನ ಇಟ್ಟಿಗೆ ಗೋಡೆ, ಸಿಮೆಂಟ್ ಗಿಲಾವು. ಪೇಂಟರ್ ಮುಂದಿನ ವಾರವೇ ಪುಟ್ಟಿ ಹಚ್ಚುತ್ತೇನೆ ಅಂತಾನೆ. 5,000 ಲೀಟರಿನ ಸಂಪಿನಲ್ಲೂ ರಾಡಿ ನೀರು. ಏನು ಮಾಡಲಿ?

ಕರಣೆ:
ಪುಟ್ಟಿ ಈಗ ಬೇಡ್ರಿ. ಗಿಲಾವು ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಆದರೆ ಇಟ್ಟಿಗೆ ಒಳಗೆ ನೀರು ಹಾಗೇ ಇರುತ್ತದೆ. ಅದು ಹೊರಬರುವಾಗ ಉಪ್ಪನ್ನೂ ಎಳೆದು ತಂದು ಪುಟ್ಟಿಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ನೀರಿನ ಗುರುತಿಗಿಂತ ಒಂದಡಿ ಮೇಲಿನವರೆಗೆ ಹಳೇ ಬಣ್ಣ ಕೆರೆಸಿ. ಆಯಿಲ್ ಪೇಂಟ್ ಇದ್ದರಂತೂ ಬಿಡಲೇಬೇಡಿ, ಗೋಡೆ ಉಸಿರಾಡುವುದಿಲ್ಲ. ಬೆರಳ ಗಂಟಿನಿಂದ ಬಡಿದಾಗ ಟೊಳ್ಳು ಸದ್ದು ಬಂದ ಕಡೆ ಗಿಲಾವು ಒಡೆಸಿ. ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಿಂದಲೇ ಉದುರಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಪರೀಕ್ಷೆ ಸುಲಭ: ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಒಳಬದಿಗೆ ಹನಿ ಕೂತಿದ್ದರೆ ಇನ್ನೂ ಕಾಯಬೇಕು. ಮಳೆಗಾಲದ ನೀರಿಗೆ ದಸರೆ ದಾಟುವವರೆಗೆ ಬಣ್ಣದ ಮಾತು ಬೇಡ.

ವೈರ್‌ಮನ್:
ಮೇನ್ ಆಫ್ ಇರಲಿ. ಮುಳುಗಿದ ಎಂಸಿಬಿ, ಆರ್‌ಸಿಸಿಬಿ (ದೋಷ ಬಂದಾಗ ಕರೆಂಟ್ ತಾನೇ ಕಡಿಯುವ ಸ್ವಿಚ್‌ಗಳು), ಸಾಕೆಟ್ ಒಣಗಿಸಿ ಬಳಸಬೇಡಿ, ಬದಲಿಸಿ. ಒಳಗೆ ರಾಡಿ ಕೂತಿರುತ್ತದೆ, ಬೇಕಾದಾಗ ಟ್ರಿಪ್ ಆಗದೇ ಹೋಗಬಹುದು. ಪಂಪ್ ಮೋಟಾರನ್ನು ಬಿಚ್ಚಿ ಒಣಗಿಸಿ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ನೋಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಚಾಲೂ ಮಾಡಬೇಡಿ.

ತೊಟ್ಟಿಮನೆ:
ಸಂಪನ್ನು ಅವಸರದಲ್ಲಿ ಪೂರ್ತಿ ಖಾಲಿ ಮಾಡಬೇಡಿ. ಸುತ್ತಲಿನ ಮಣ್ಣಿನಲ್ಲಿ ನೀರು ತುಂಬಿರುವಾಗ ಖಾಲಿ ಸಂಪನ್ನು ಅದು ಕೆಳಗಿನಿಂದ ಒತ್ತುತ್ತದೆ, ತಳ ಬಿರಿಯಬಹುದು. ನೆಲದ ನೀರು ಇಳಿದ ಮೇಲೆ ರಾಡಿ ಎತ್ತಿ, ಗೋಡೆ ಉಜ್ಜಿ ತೊಳೆದು, ಒಳ್ಳೆಯ ನೀರು ತುಂಬಿ.

ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 150 ಗ್ರಾಂ, ನಿಮ್ಮ ಸಂಪಿಗೆ 750 ಗ್ರಾಂ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿಯಿರಿ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ನೀರು ಬಿಟ್ಟು ಮುಚ್ಚಿ. 24 ಗಂಟೆ ಬಿಟ್ಟು ಎಲ್ಲಾ ಹೊರಹಾಕಿ. ಆ ನೀರು ಕುಡಿಯಲು ಅಲ್ಲ. ಬಾಯಿ ತೆರೆದಿಟ್ಟ ಹಳೇ ಚೀಲದ ಪೌಡರ್‌ನಲ್ಲಿ ಸತ್ವ ಇರುವುದಿಲ್ಲ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ.

ಹೊಳೆದಂಡಿ:
ಪೇಂಟರ್‌ಗೆ ಬೇಡ ಅಂದೆ. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕೂರುತ್ತಿಲ್ಲ, ಕೀಸುಳಿ ಹೊಡೆಸಲೇ?

ಕರಣೆ:
ಈಗ ಹೊಡೆಸಿದರೆ ಒಣಗಿದ ಮೇಲೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಕೀಲಿನಿಂದ ಬಿಚ್ಚಿ, ನೆರಳಲ್ಲಿ ಮಟ್ಟಸವಾದ ಕಟ್ಟಿಗೆ ಪಟ್ಟಿಗಳ ಮೇಲೆ ಮಲಗಿಸಿಡಿ. ಬಿಸಿಲಿಗೆ ಹಾಕಿದರೆ ಸೊಟ್ಟಾಗುತ್ತದೆ.