ದಿನ ಬಿಟ್ಟು ದಿನ ಆಂಟಿಬಯಾಟಿಕ್ ಕೊಟ್ರೆ ಸಾಕಾಗ್ತದಾ?

ಅಘನಾಶಿನಿ_ದಡ:
ನಮ್ಮ ಆಯಿಗೆ 74 ವರ್ಷ, ತೂಕ 45 ಕೆಜಿ, ಶುಗರ್ ಇದೆ, ಕಿಡ್ನಿ ಹೇಗಿದೆ ಅಂತ ನೋಡೋ ರಕ್ತಪರೀಕ್ಷೆ ಕ್ರಿಯಾಟಿನಿನ್ 1.6 ಬಂದಿದೆ. ಮೂತ್ರದ ಇನ್ಫೆಕ್ಷನ್ ಆಗಿ ಚಳಿಜ್ವರ ಬಂತು ಅಂತ ಕುಮಟಾದಲ್ಲಿ ತೋರಿಸಿದ್ವಿ, ಲೆವೊಫ್ಲಾಕ್ಸಾಸಿನ್ 750 ದಿನ ಬಿಟ್ಟು ದಿನ ಅಂದ್ರು. ಪಕ್ಕದ ಮನೆಯವ್ರು ಇದೇ ಮಾತ್ರೆ ದಿನಾ ತಗೊಂಡಿದ್ರು. ಇವತ್ತು ಮಾತ್ರೆ ಇಲ್ಲದ ದಿನ, ಸಂಜೆಯಿಂದ ಮತ್ತೆ ಮೈ ಬಿಸಿ ಇದೆ. ಒಂದು ಕೊಟ್ಬಿಡ್ಲಾ?

ಮದ್ದಿನಂಗಡಿ_ಕಾರವಾರ:
ಬೇಡ ಬೇಡ, ಕೊಡ್ಬೇಡಿ. ಈ ಮಾತ್ರೆ ಲಿವರ್‌ನಲ್ಲಿ ಜಾಸ್ತಿ ಕರಗೋದಿಲ್ಲ, ಹೆಚ್ಚುಕಮ್ಮಿ ಇದ್ದಂಗೇ ಮೂತ್ರದಲ್ಲಿ ಹೋಗ್ಬೇಕು. ಕಿಡ್ನಿ ಚೆನ್ನಾಗಿದ್ರೆ ರಕ್ತದಲ್ಲಿರೋದು ಅರ್ಧಕ್ಕೆ ಇಳಿಯೋಕೆ 6ರಿಂದ 8 ಗಂಟೆ, ನಿಮ್ಮ ಆಯಿಯಂಥವರಿಗೆ ಒಂದು ದಿನಕ್ಕಿಂತ ಜಾಸ್ತಿ. ಅಂದ್ರೆ ನಿನ್ನೆ ಕೊಟ್ಟಿದ್ದು ಇವತ್ತೂ ಮೈಯಲ್ಲೇ ಕೆಲಸ ಮಾಡ್ತಾ ಇದೆ, ಡೋಸ್ ಕಮ್ಮಿ ಆಗಿಲ್ಲ. 1.6 ನೋಡೋಕೆ ಸಣ್ಣದು ಅನ್ನಿಸ್ತದೆ, ಆದ್ರೆ ವಯಸ್ಸು ತೂಕ ಸೇರಿಸಿ ಲೆಕ್ಕ ಹಾಕಿದ್ರೆ ಅವರ ಕಿಡ್ನಿ ನಿಮಿಷಕ್ಕೆ ಸುಮಾರು 22 ಎಂಎಲ್ ಅಷ್ಟೇ ಶುದ್ಧ ಮಾಡ್ತಿದೆ. ಶುಗರ್ ಮಾತ್ರೆ ಜೊತೆ ಇದು ಶುಗರ್‌ನ ಏಕ್ದಂ ಇಳಿಸೋದೂ ಉಂಟು, ಬೆವರು ನಡುಕ ಬಂದ್ರೆ ತಕ್ಷಣ ಚೆಕ್ ಮಾಡಿ. ಜ್ವರ ಇದೆ ಅಂತ ಡಾಕ್ಟರಿಗೆ ಈಗ್ಲೇ ಫೋನ್ ಮಾಡಿ, ನೋವಿನ ಮಾತ್ರೆ ಡೈಕ್ಲೋಫೆನಾಕ್ ಮಾತ್ರ ಕೊಡ್ಬೇಡಿ, ಅದು ಕಿಡ್ನಿಗೆ ಇನ್ನೂ ಹೊಡೆತ.

ತೋಟದಮನೆ_ಶಿರಸಿ:
ನಮ್ಮ ಅಪ್ಪಂಗೆ ಹೋದ ಮಳೆಗಾಲದಲ್ಲಿ ನ್ಯುಮೋನಿಯಾಕ್ಕೆ ಸೆಫೆಪಿಮ್ ಅನ್ನೋ ಆಂಟಿಬಯಾಟಿಕ್ ಇಂಜೆಕ್ಷನ್ ಫುಲ್ ಡೋಸ್ ಹಾಕ್ತಾ ಇದ್ರು, ಅದೂ ಕಿಡ್ನಿಯಿಂದಲೇ ಹೋಗೋದು, ನಡುವೆ ಕ್ರಿಯಾಟಿನಿನ್ ಏರಿದ್ದು ಯಾರೂ ನೋಡ್ಲಿಲ್ಲ. ಮೂರನೇ ದಿನ ನಮ್ಮ ಗುರ್ತೇ ಸಿಗ್ಲಿಲ್ಲ ಅವ್ರಿಗೆ, ಹೊದಿಕೆ ಅಂಚು ಹಿಡ್ಕೊಂಡು ಅಡಿಕೆ ಸುಲಿದಂಗೆ ಬೆರಳಾಡಿಸ್ತಿದ್ರು, ಕೈ ಜಗ್ ಜಗ್ ಎಳೀತಿತ್ತು. ವಯಸ್ಸಿನ ಮರುಳು ಅಂದ್ಕೊಂಡ್ವಿ. ಇಂಜೆಕ್ಷನ್ ನಿಲ್ಲಿಸಿದ್ಮೇಲೆ ಮೂರ್ನಾಲ್ಕು ದಿನಕ್ಕೆ ಸರಿಯಾದ್ರು. ಆ ಮೂರು ದಿನ ನಾನು ಮರೆಯೋದಿಲ್ಲ. ನಿಮ್ಮ ಡಾಕ್ಟರ್ ಲೆಕ್ಕ ಹಾಕಿ ಕೊಟ್ಟಿದ್ದಾರೆ, ಅದನ್ನ ಮೀರ್ಬೇಡಿ.

ಗಂಗಾವಳಿ:
ಹಂಗಾದ್ರೆ ಇಲಿಜ್ವರಕ್ಕೆ ಕೊಡೋ ಡಾಕ್ಸಿಸೈಕ್ಲಿನೂ ಕಮ್ಮಿ ಮಾಡ್ಬೇಕಾ? ಗದ್ದೆ ಕೆಲಸದವ್ರು ನಾವು.

ಮದ್ದಿನಂಗಡಿ_ಕಾರವಾರ:
ಇಲ್ಲ, ಅದು ಮಲದಲ್ಲೂ ಹೋಗ್ತದೆ, ಕಿಡ್ನಿ ವೀಕ್ ಆದ್ರೂ ಸಾಮಾನ್ಯವಾಗಿ ಡೋಸ್ ಇಳಿಸೋದಿಲ್ಲ. ಆದ್ರೆ ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೊಮೈಸಿನ್‌ನಂಥ ಆಂಟಿಬಯಾಟಿಕ್‌ಗಳಿಗೂ ಕಿಡ್ನಿಯೇ ದಾರಿ.

ಅಘನಾಶಿನಿ_ದಡ:
ಡಾಕ್ಟರಿಗೆ ಮಾತಾಡ್ದೆ. ಪ್ಯಾರಾಸಿಟಮಾಲ್ ಕೊಡಿ, ಚಳಿ ನಡುಕ ಬಂದ್ರೆ ರಾತ್ರಿನೇ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಬೆಳಿಗ್ಗೆ ರಕ್ತ ಕೊಡಿ ಅಂದ್ರು. ಕ್ಯಾಲೆಂಡರಲ್ಲಿ ಮಾತ್ರೆ ದಿನಕ್ಕೆ ಸುತ್ತು ಹಾಕಿಟ್ಟೆ.