ಹೊರಗಿನಿಂದ ಕ್ಲಾಸಿಗೆ ಮೆಥಡ್ ಸೇರಿಸಬಹುದಾ?

ಪ್ರಶ್ನೆ (ಮೂಡಿಗೆರೆ): ಮೇಡಂ, ಅಪ್ಪನ ಕಾಫಿ ಖರೀದಿ ಅಂಗಡಿಗೆ ಪೈಥಾನಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಗೆಳೆಯ ಕೊಟ್ಟ ಪ್ಯಾಕೇಜಿನಲ್ಲಿ ‘ಚೀಲ’ ಅಂತ ಕ್ಲಾಸ್ ಇದೆ. ತೂಕ, ದರ ಇವೆ, ಓಟಿ ಲೆಕ್ಕ ಇಲ್ಲ. ಅವನ ಫೈಲ್ ಮುಟ್ಟದೆ ಮೆಥಡ್ ಸೇರಿಸಲು ಆಗುತ್ತಾ?

ಉತ್ತರ (ಹಾಸನ): ಆಗುತ್ತದೆ. (ಗೊತ್ತಿಲ್ಲದವರಿಗೆ: ಕ್ಲಾಸ್ ಅಂದರೆ ಒಂದೇ ಬಗೆಯ ವಸ್ತುಗಳ ಅಚ್ಚು, ಮೆಥಡ್ ಅಂದರೆ ಅದಕ್ಕೆ ಸೇರಿದ ಫಂಕ್ಷನ್. 50 ಕೆಜಿ ಚೆರಿ ಕಾಫಿ ಸಿಪ್ಪೆ ಬಿಡಿಸಿದಾಗ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಓಟಿ.) ಸೆಲ್ಫ್ (ಅಂದರೆ ಯಾವ ಚೀಲದ ಮೇಲೆ ಕರೆದಿರೋ ಆ ಚೀಲ) ತೆಗೆದುಕೊಳ್ಳುವ ಮಾಮೂಲಿ ಫಂಕ್ಷನ್ ಒಂದನ್ನು ಹೊರಗೆ ಬರೆಯಿರಿ. ಆಮೇಲೆ ಒಂದೇ ಸಾಲು:

ಚೀಲ.ಓಟಿ = ಓಟಿ_ಲೆಕ್ಕ

ಪೈಥಾನ್ 3ರಲ್ಲಿ ಕನ್ನಡದ ಹೆಸರೂ ನಡೆಯುತ್ತದೆ, ಹೀಗೇ ಟೈಪ್ ಮಾಡಿ ನೋಡಿ. ಬಲಗಡೆ ಬ್ರಾಕೆಟ್ ಹಾಕಬೇಡಿ, ಹಾಕಿದರೆ ಫಂಕ್ಷನ್ ಅಲ್ಲೇ ಓಡಲು ಹೋಗುತ್ತದೆ. ಮೊದಲೇ ಮಾಡಿಟ್ಟ ಚೀಲಗಳಿಗೂ ಈ ಮೆಥಡ್ ಸಿಗುತ್ತದೆ. ಯಾಕೆಂದರೆ ಪೈಥಾನ್ ಮೆಥಡ್ ಹುಡುಕುವುದು ಕರೆದ ಹೊತ್ತಿಗೆ, ಅದೂ ಕ್ಲಾಸಿನಲ್ಲಿ. ಇದನ್ನು ಮಂಕಿ ಪ್ಯಾಚಿಂಗ್ ಅಂತಾರೆ.

ಪ್ರಶ್ನೆ (ಮೂಡಿಗೆರೆ): ಒಂದೇ ಒಂದು ಚೀಲಕ್ಕೆ ಹಾಕಿ ನೋಡಿದೆ. ಸೆಲ್ಫ್ ಕೊಟ್ಟಿಲ್ಲ ಅಂತ ಎರರ್ ಬಂತು.

ಉತ್ತರ: ಬರಲೇಬೇಕು. ಫಂಕ್ಷನ್ ಕ್ಲಾಸಿನಲ್ಲಿದ್ದರೆ ಮಾತ್ರ ಪೈಥಾನ್ ತಾನಾಗಿ ಸೆಲ್ಫ್ ಸೇರಿಸುತ್ತದೆ. ಒಂದು ಆಬ್ಜೆಕ್ಟಿಗೆ ಸುಮ್ನೆ ಅಂಟಿಸಿದರೆ ಅದು ಬರೀ ಫಂಕ್ಷನ್ನಾಗಿಯೇ ಉಳಿಯುತ್ತದೆ. ಟೈಪ್ಸ್ ಮಾಡ್ಯೂಲಿನ ಮೆಥಡ್‌ಟೈಪ್‌ಗೆ ಫಂಕ್ಷನ್ನನ್ನೂ ಆ ಚೀಲವನ್ನೂ ಕೊಟ್ಟು, ಬಂದದ್ದನ್ನು ಅಂಟಿಸಿ.

ಪ್ರಶ್ನೆ (ಕಡೂರು): ಪೈಥಾನಿನದೇ ಲಿಸ್ಟಿಗೂ ಹೀಗೆ ಸೇರಿಸಬಹುದಾ?

ಉತ್ತರ: ಇಲ್ಲ, ಟೈಪ್‌ಎರರ್ ಬರುತ್ತದೆ. ಲಿಸ್ಟ್, ಸ್ಟ್ರಿಂಗ್, ಇಂಟ್ ಇವಕ್ಕೆ ಹೊರಗಿನಿಂದ ಏನೂ ಅಂಟಿಸಲು ಬಿಡುವುದಿಲ್ಲ. ಲಿಸ್ಟಿನ ಗುಣಗಳನ್ನೆಲ್ಲ ಪಡೆಯುವ ನಿಮ್ಮದೇ ಸಬ್‌ಕ್ಲಾಸ್ ಮಾಡಿಕೊಳ್ಳಿ.

ಮೂಡಿಗೆರೆಯವರಿಗೆ ಇನ್ನೊಂದು ಮಾತು. ದುಡ್ಡಿನ ಲೆಕ್ಕಕ್ಕೆ ಈ ದಾರಿ ಬೇಡ ಅಂತ ನನಗೆ ಅನಿಸುತ್ತದೆ. ಒಮ್ಮೆ ನಾನು ಒಂದು ಲೈಬ್ರರಿಯ ಕ್ಲಾಸಿಗೆ ಹೀಗೇ ಮೆಥಡ್ ಸೇರಿಸಿದ್ದೆ. ಮುಂದಿನ ಆವೃತ್ತಿಯಲ್ಲಿ ಅವರೇ ಅದೇ ಹೆಸರಿನ ಮೆಥಡ್ ತಂದರು. ಅವರದೇ ಕೋಡ್ ಆ ಹೆಸರನ್ನು ಕರೆದಾಗಲೂ ನನ್ನದು ಓಡುತ್ತಿತ್ತು. ಎರರ್ ಇಲ್ಲ, ಮೊತ್ತ ಮಾತ್ರ ತಪ್ಪು. ಹುಡುಕಲು ಎರಡು ದಿನ ಹಿಡಿಯಿತು. ಆದರೆ ಟೆಸ್ಟ್ ಮಾಡುವಾಗ ಮಂಕಿ ಪ್ಯಾಚಿಂಗ್ ನಿಜಕ್ಕೂ ಒಳ್ಳೆಯ ಉಪಾಯ. ಪೈಥಾನಿನದೇ ಟೆಸ್ಟ್ ಸಲಕರಣೆಯಾದ ಯೂನಿಟ್‌ಟೆಸ್ಟಿನ ಮಾಕ್‌ನಲ್ಲಿರುವ ಪ್ಯಾಚ್ ಕೆಲಸ ಮುಗಿದ ಮೇಲೆ ಹಳೆಯದನ್ನು ವಾಪಸ್ ಕೂರಿಸುತ್ತದೆ. ಅಂಗಡಿಗಾದರೆ ಚೀಲವನ್ನು ತೆಗೆದುಕೊಂಡು ಓಟಿ ಹೇಳುವ ಬಿಡಿ ಫಂಕ್ಷನ್ ಸಾಕು, ಅಲ್ವಾ? ಗೆಳೆಯ ಒಪ್ಪಿದರೆ ಅವರ ಫೈಲಿಗೇ ಸೇರಿಸಿಸಿ, ಅದು ಇನ್ನೂ ಚೆನ್ನ.

ಪ್ರಶ್ನೆ ಕೇಳಿದವರು: ಬಿಡಿ ಫಂಕ್ಷನ್ನೇ ಮಾಡಿದೆ ಮೇಡಂ. ನಿನ್ನೆಯ ಹತ್ತು ಚೀಲಕ್ಕೆ ಓಡಿಸಿದೆ, ಅಪ್ಪನ ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂತಿತು. ಗೆಳೆಯನಿಗೂ ಹೇಳಿದ್ದೇನೆ.