ಪುಶ್-ಇನ್ ಶಾಟ್ ತೇಲಿದ ಹಾಗಿದೆ, ಎದೆಗೆ ತಟ್ಟುತ್ತಿಲ್ಲ: ಗಿಂಬಲ್ ಸೆಟ್ಟಿಂಗ್ ತಪ್ಪೋ, ಶಾಟೇ ತಪ್ಪೋ?

ಜಗಲಿಕಟ್ಟೆ

12 ನಿಮಿಷದ ಕಿರುಚಿತ್ರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳೇ ಮನೆ. ಒಳಗೆ ರೆಡ್ ಆಕ್ಸೈಡ್ ನೆಲ, ಹೊರಗೆ ಕಂಬಗಳಿರುವ ಉದ್ದ ಜಗಲಿ. ಮುಖ್ಯ ದೃಶ್ಯ ಇಷ್ಟೇ: ಅಪ್ಪ ಕೂತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದಾನೆ. ಮಗ ಬಾಗಿಲಲ್ಲಿ ನಿಂತು ಎರಡು ನಿಮಿಷ ಏನೇನೋ ಮಾತಾಡಿ, ಕೊನೆಗೆ "ಅಪ್ಪಯ್ಯ, ತೋಟಕ್ಕೆ ಅಡ್ವಾನ್ಸ್ ತಗಂಡಾಗಿದೆ" ಅನ್ನುತ್ತಾನೆ. ಅಪ್ಪನಿಗೆ ಮಾತಿಲ್ಲ.

ಕ್ಯಾಮೆರಾ ಎಪಿಎಸ್-ಸಿ (ಫುಲ್-ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಮಿರರ್‌ಲೆಸ್. 16-50 ಕಿಟ್ ಲೆನ್ಸ್ ಇದೆ, 35 ಎಂಎಂ ಎಫ್/1.8 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಕೂಡ ಇದೆ. ಒಂಟಿ ಹಿಡಿಕೆಯ ಗಿಂಬಲ್ (ಮೋಟಾರ್‌ಗಳಿಂದ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುವ ಸಾಧನ). ಸೆಕೆಂಡಿಗೆ 50 ಫ್ರೇಮ್, ಶಟರ್ 1/200 ಸೆಕೆಂಡ್, ಎಡಿಟ್‌ನ ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್. ಮಗ ಮಾತು ಶುರು ಮಾಡಿದಾಗಿನಿಂದಲೇ 16 ಎಂಎಂನಲ್ಲಿ ನಿಧಾನವಾಗಿ ಅವನ ಕಡೆ ಹೋಗಿ, ಮುಖ್ಯ ಮಾತು ಬರುತ್ತಲೇ ಅಪ್ಪನ ಕಡೆ ತಿರುಗಿ, 3 ಮೀಟರ್‌ನಿಂದ 1 ಮೀಟರ್‌ವರೆಗೆ 6 ಸೆಕೆಂಡಿನಲ್ಲಿ ನುಗ್ಗಿದ್ದೇವೆ (ಹೀಗೆ ಕ್ಯಾಮೆರಾನೇ ಹತ್ತಿರ ಹೋಗುವುದು ಪುಶ್-ಇನ್).

ತೊಂದರೆಗಳು: ಶಾಟ್ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಜಗಲಿಯ ಪ್ಯಾನ್‌ನಲ್ಲಿ (ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವ ಶಾಟ್; 16 ಎಂಎಂ, 90 ಡಿಗ್ರಿ, 3 ಸೆಕೆಂಡ್) ಕಂಬಗಳು ಕಡಕಡ ಹಾರುತ್ತವೆ. ಒಳಗೆ ಎಲ್‌ಇಡಿ ಬಲ್ಬಿನ ಕೆಳಗೆ ಅಡ್ಡ ಪಟ್ಟಿಗಳು ಓಡುತ್ತವೆ. ಎಲ್ಲಕ್ಕಿಂತ ದೊಡ್ಡದು, ನೋಡಿದವರೆಲ್ಲ "ಶಾಟ್ ಚೆನ್ನಾಗಿದೆ" ಅಂದರು, "ಪಾಪ ಅಪ್ಪ" ಅಂತ ಒಬ್ಬರೂ ಅನ್ನಲಿಲ್ಲ. ಮುಂದಿನ ವಾರ ಅರ್ಧ ದಿನ ರೀಶೂಟ್ ಸಾಧ್ಯ. ಏನನ್ನು ಬದಲಾಯಿಸಬೇಕು?

ಅರೆಬೆಳಕು

ಸುಲಭದ್ದನ್ನು ಮೊದಲು ಮುಗಿಸೋಣ. ಪಟ್ಟಿ ಮತ್ತು ಕಡಕಡ ಎರಡಕ್ಕೂ ಮೂಲ ನಿಮ್ಮ 1/200.

ನಮ್ಮಲ್ಲಿ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಅಗ್ಗದ ಎಲ್‌ಇಡಿಯಲ್ಲಂತೂ ಅದು ಎದ್ದು ಕಾಣುತ್ತದೆ. 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ತಿ ಸುತ್ತುಗಳೇ ಸಿಗುತ್ತವೆ, ಪಟ್ಟಿ ಹೋಗುತ್ತದೆ. 1/200ರಲ್ಲಿ ಅರ್ಧ ಸುತ್ತು ಮಾತ್ರ ಸಿಗುತ್ತದೆ, ಹಾಗಾಗಿ ಫ್ರೇಮಿನ ಒಂದು ಭಾಗ ಬೆಳಕು, ಇನ್ನೊಂದು ಭಾಗ ಮಂಕು.

ಇನ್ನು 50 ಫ್ರೇಮಿನಲ್ಲಿ ತೆಗೆದು 25ರ ಟೈಮ್‌ಲೈನಿಗೆ ಹಾಕಿದಾಗ ಎರಡರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತದೆ. ಉಳಿದ ಫ್ರೇಮಿನಲ್ಲಿ 1/200 ಸೆಕೆಂಡಿನ ಚಲನೆ ಮಾತ್ರ ಇದೆ. ಶಟರ್ ಕೋನದ ಲೆಕ್ಕದಲ್ಲಿ (ಒಂದು ಫ್ರೇಮಿನ ಪೂರ್ತಿ ಹೊತ್ತು ಅಂದರೆ 360 ಡಿಗ್ರಿ) ಅದು 45 ಡಿಗ್ರಿ. ಕಣ್ಣಿಗೆ ಸಹಜ ಅನ್ನಿಸುವುದು 180 ಡಿಗ್ರಿ, ಅಂದರೆ 25 ಫ್ರೇಮಿಗೆ 1/50. ಸ್ಲೋ ಮೋಷನ್ ಬೇಡವಾದರೆ 50 ಫ್ರೇಮ್ ಮುಟ್ಟಲೇಬೇಡಿ.

ಜಗಲಿಯಲ್ಲಿ ಬೆಳಕು ಜಾಸ್ತಿ ಅಂತ 1/200ಕ್ಕೆ ಹೋಗಿರುತ್ತೀರಿ. ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಗಾಜು) ಹಾಕಿ. 1/200ರಿಂದ 1/50ಕ್ಕೆ ಇಳಿದರೆ 2 ಸ್ಟಾಪ್ ಬೆಳಕು ಹೆಚ್ಚಾಗುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು). ಜೊತೆಗೆ ಎಫ್/5.6 ಬಿಟ್ಟು ಎಫ್/2.8ಕ್ಕೆ ಬಂದರೆ ಇನ್ನೆರಡು. ಒಟ್ಟು 4 ಸ್ಟಾಪ್, ಅಂದರೆ ಎನ್‌ಡಿ16. ವೇರಿಯೆಬಲ್ ಎನ್‌ಡಿಯನ್ನು 16 ಎಂಎಂನಲ್ಲಿ ಕೊನೆಯವರೆಗೆ ತಿರುಗಿಸಬೇಡಿ, ಚಿತ್ರದ ಮೇಲೆ ಕಪ್ಪು ಗುಣಾಕಾರ ಚಿಹ್ನೆ ಬೀಳುತ್ತದೆ.

ಪ್ಯಾನ್ ವೇಗಕ್ಕೆ ಒಂದು ಹಳೇ ಅಳತೆ ಇದೆ: ಒಂದು ವಸ್ತು ಫ್ರೇಮಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು 7 ಸೆಕೆಂಡ್ ಹಿಡಿಯಬೇಕು. ಎಪಿಎಸ್-ಸಿಯಲ್ಲಿ 16 ಎಂಎಂ ಅಡ್ಡಕ್ಕೆ ಸುಮಾರು 73 ಡಿಗ್ರಿ ನೋಡುತ್ತದೆ. ಅಂದರೆ ಸೆಕೆಂಡಿಗೆ 10 ಡಿಗ್ರಿ, 90 ಡಿಗ್ರಿ ತಿರುಗಲು 9 ಸೆಕೆಂಡ್. ನೀವು ಅದರ ಮೂರು ಪಟ್ಟು ವೇಗದಲ್ಲಿ ತಿರುಗಿದ್ದೀರಿ. ಲೆನ್ಸ್ ಉದ್ದವಾದಷ್ಟೂ ಇದು ಬಿಗಿಯಾಗುತ್ತದೆ, 50 ಎಂಎಂನಲ್ಲಿ ಸೆಕೆಂಡಿಗೆ ಬರೀ 4 ಡಿಗ್ರಿ. ಜಗಲಿಯ ಕಂಬಗಳಂಥ ನೆಟ್ಟಗಿನ ಗೆರೆಗಳು ಸಾಲಾಗಿ ಬಂದಾಗ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಗಿಡಮರ ಇದ್ದರೆ ಅಷ್ಟು ಗೊತ್ತಾಗುವುದಿಲ್ಲ.

ಇದಕ್ಕೆ ಒಂದು ವಿನಾಯಿತಿ ಇದೆ. ಯಾರಾದರೂ ನಡೆಯುತ್ತಿದ್ದು, ಅವರನ್ನು ಫ್ರೇಮಿನ ಒಂದೇ ಜಾಗದಲ್ಲಿ ಹಿಡಿದುಕೊಂಡು ಪ್ಯಾನ್ ಮಾಡಿದರೆ ನೋಡುವವರ ಕಣ್ಣು ಆ ವ್ಯಕ್ತಿಯ ಮೇಲೇ ಇರುತ್ತದೆ. ಹಿಂದಿನ ಕಂಬ ಹಾರಿದರೂ ಲೆಕ್ಕಕ್ಕಿಲ್ಲ. ಖಾಲಿ ಜಗಲಿಯನ್ನು "ಮನೆ ನೋಡಿ, ಎಷ್ಟು ಚೆಂದ" ಅಂತ ತೋರಿಸುವ ಪ್ಯಾನ್ ನಿಮಗೆ ಬೇಕೇ ಅನ್ನುವುದು ಬೇರೆ ಪ್ರಶ್ನೆ. ಮಗ ಒಳಗೆ ಬರಲು ಹಿಂಜರಿಯುತ್ತ ಜಗಲಿಯಲ್ಲಿ ನಡೆಯಲಿ, ಅವನ ಜೊತೆ ತಿರುಗಿ. ಅವನು ನಿಂತರೆ ಕ್ಯಾಮೆರಾನೂ ನಿಲ್ಲಲಿ.

ಟ್ರಾಲಿ_ಟ್ರ್ಯಾಕು

ಕುಪ್ಪಳಿಸುವುದು ಗಿಂಬಲ್‌ನ ದೋಷ ಅಲ್ಲ, ಅದರ ಮಿತಿ. ಮೂರು ಮೋಟಾರ್‌ಗಳು ಪ್ಯಾನ್ (ಪಕ್ಕಕ್ಕೆ), ಟಿಲ್ಟ್ (ಮೇಲೆ ಕೆಳಗೆ), ರೋಲ್ (ಓರೆಯಾಗಿ ವಾಲುವುದು) ಎಂಬ ತಿರುವುಗಳನ್ನು ಮಾತ್ರ ಸರಿಪಡಿಸುತ್ತವೆ. ನಡೆಯುವಾಗ ಮೈ ಎದ್ದಿಳಿಯುವುದನ್ನು ಅವು ತಡೆಯಲಾರವು. ಮಂಡಿ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ ಆಮೇಲೆ ಬೆರಳು ಇಳಿಸಿ ನಡೆದರೆ ಅರ್ಧ ಕಡಿಮೆಯಾಗುತ್ತದೆ. ಆದರೆ ಈ ಶಾಟಿಗೆ ನಡೆಯುವುದೇ ಬೇಡ.

ನಿಮ್ಮ ನೆಲ ರೆಡ್ ಆಕ್ಸೈಡ್, ಟೈಲ್ಸಿನ ಸಂದು ಇಲ್ಲ. ಇದಕ್ಕಿಂತ ಒಳ್ಳೆಯ ಟ್ರ್ಯಾಕ್ ದುಡ್ಡು ಕೊಟ್ಟರೂ ಸಿಗದು. ದಪ್ಪ ಜಮಖಾನವನ್ನು ನಾಲ್ಕು ಮಡಿಕೆ ಹಾಕಿ, ಮೇಲೆ ಮಣೆ, ಮಣೆಯ ಮೇಲೆ ಕಾಲು ಮಡಿಸಿದ ಟ್ರೈಪಾಡ್. ಒಬ್ಬರು ಟ್ರೈಪಾಡ್ ಹಿಡಿಯಲಿ, ಇನ್ನೊಬ್ಬರು ಜಮಖಾನದ ತುದಿ ಎಳೆಯಲಿ. ಅಪ್ಪ ನೆಲದ ಮೇಲೆ ಕೂತಿರುವುದರಿಂದ ಎತ್ತರವೂ ಸರಿಹೋಗುತ್ತದೆ. ಗಾಲಿಕುರ್ಚಿ ಸಿಕ್ಕರೆ ಅದೂ ಆದೀತು, ಟೈರಿನ ಗಾಳಿ ಸ್ವಲ್ಪ ಇಳಿಸಿ. ಎರಡು ಪಿವಿಸಿ ಪೈಪು, ಹಲಗೆ, ಸ್ಕೇಟಿಂಗ್ ಚಕ್ರದ ಟ್ರಾಲಿ ಮಾಡುವುದಾದರೆ ಪೈಪಿನ ಜೋಡಣೆ ಶಾಟಿನ ನಡುವೆ ಬರದ ಹಾಗೆ ಒಂದೇ ಉದ್ದದ ಪೈಪು ಹಾಕಿ.

ಗಿಂಬಲ್ಲೇ ಬೇಕು ಅಂದರೆ ಮೋಟಾರ್ ಆಫ್ ಇಟ್ಟು ಬ್ಯಾಲೆನ್ಸ್ ಮಾಡಿ. ಯಾವ ಕೋನದಲ್ಲಿ ಬಿಟ್ಟರೂ ಕ್ಯಾಮೆರಾ ಅಲ್ಲೇ ನಿಲ್ಲಬೇಕು. ಲೆನ್ಸ್ ಬದಲಾಯಿಸಿದರೆ ಮತ್ತೆ ಮಾಡಬೇಕು. ಪುಶ್-ಇನ್‌ಗೆ ಪ್ಯಾನ್ ಫಾಲೋ ಬೇಡ, ಲಾಕ್ ಮೋಡ್ ಹಾಕಿ. ಫಾಲೋನಲ್ಲಿದ್ದರೆ ಮಣಿಕಟ್ಟು ಚೂರು ತಿರುಗಿದರೂ ಫ್ರೇಮ್ ಮೆಲ್ಲಗೆ ಪಕ್ಕಕ್ಕೆ ಜಾರುತ್ತದೆ. "ತೇಲಿದ ಹಾಗಿದೆ" ಅನ್ನುತ್ತೀರಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಕ್ಯಾಮೆರಾದೊಳಗಿನ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಆಫ್ ಮಾಡಿ, ವೈಡ್‌ನಲ್ಲಿ ಮೂಲೆಗಳು ಜೆಲ್ಲಿಯ ಹಾಗೆ ನಡುಗುತ್ತವೆ.

ಈಗ ಲೆನ್ಸ್. 16 ಎಂಎಂ ಹಿಡಿದು ಅಷ್ಟು ಹತ್ತಿರ ಹೋದರೆ ಮೂಗು ಮುಂದೆ, ಕಿವಿ ಹಿಂದೆ. ದುಃಖದ ಮುಖ ತಮಾಷೆಯಾಗಿ ಕಾಣುತ್ತದೆ. 35 ಹಾಕಿ. 2.4 ಮೀಟರ್‌ನಲ್ಲಿ ಸೊಂಟದಿಂದ ಮೇಲೆ ಸಿಗುತ್ತದೆ, 1.8ರಲ್ಲಿ ಎದೆಯಿಂದ ಮೇಲೆ. ಇಷ್ಟೇ ಸಾಕು, ಬರೀ 60 ಸೆಂಟಿಮೀಟರ್, 12 ಸೆಕೆಂಡ್. ಮುಖ ಮೂರರಲ್ಲೊಂದು ಪಾಲು ದೊಡ್ಡದಾಗುತ್ತದೆ. ನಿಮ್ಮದು 3ರಿಂದ 1 ಮೀಟರ್, ಅಂದರೆ 6 ಸೆಕೆಂಡಿನಲ್ಲಿ ಮೂರು ಪಟ್ಟು. ಅದು ಹತ್ತಿರ ಹೋಗುವುದಲ್ಲ, ಮೈಮೇಲೆ ಬೀಳುವುದು.

ಒಂದು ಸೂಕ್ಷ್ಮ: ಒಂದೇ ವೇಗದಲ್ಲಿ ಎಳೆದರೂ ತೆರೆಯ ಮೇಲೆ ಕೊನೆಯಲ್ಲಿ ವೇಗ ಹೆಚ್ಚಿದಂತೆ ಕಾಣುತ್ತದೆ. 3 ಮೀಟರ್‌ನಿಂದ 2.5ಕ್ಕೆ ಬಂದಾಗ ಮುಖ 1.2 ಪಟ್ಟು; ಅದೇ ಅರ್ಧ ಮೀಟರ್ 2ರಿಂದ 1.5ಕ್ಕೆ ಬಂದರೆ 1.33 ಪಟ್ಟು. ಹಾಗಾಗಿ ಕೊನೆಯ 20 ಸೆಂಟಿಮೀಟರ್‌ನಲ್ಲಿ ಎಳೆಯುವವರು ಕೈ ಸಡಿಲಿಸಬೇಕು. ನಿಲ್ಲುವಾಗ ಗಕ್ಕನೆ ನಿಂತರೆ ಅಷ್ಟು ಹೊತ್ತಿನ ಶ್ರಮ ನೀರುಪಾಲು.

ಫೋಕಸ್: 35 ಎಂಎಂ, ಎಫ್/2.8, 1.8 ಮೀಟರ್‌ಗೆ ಸ್ಪಷ್ಟವಾಗಿರುವ ಆಳ ಸುಮಾರು 30 ಸೆಂಟಿಮೀಟರ್. ಆಟೋಫೋಕಸ್ ನಂಬಬೇಡಿ, ಕೈ ಮುಖಕ್ಕೆ ಅಡ್ಡ ಬಂದರೆ ಅಡಕತ್ತರಿಗೆ ಹಾರುತ್ತದೆ. ನೆಲದ ಮೇಲೆ 2.4, 2.1, 1.8ಕ್ಕೆ ಟೇಪ್ ಅಂಟಿಸಿ, ಅದೇ ಗುರುತುಗಳನ್ನು ಲೆನ್ಸಿನ ಮೇಲೂ ಹಾಕಿ, ಒಬ್ಬರು ಫೋಕಸ್ ಎಳೆಯಲಿ.

ಕತ್ತರಿಪ್ರಯೋಗ

ಮೇಲಿನದ್ದೆಲ್ಲ ಸರಿ. ಆದರೆ ಅದನ್ನೆಲ್ಲ ಮಾಡಿದರೂ "ಪಾಪ ಅಪ್ಪ" ಬರುವುದಿಲ್ಲ. ಕ್ಯಾಮೆರಾ ತಪ್ಪು ಹೊತ್ತಿಗೆ ಹೊರಡುತ್ತಿದೆ.

ಮಗ ಬಾಯಿ ತೆರೆದಾಗಿನಿಂದ ಕ್ಯಾಮೆರಾ ಚಲಿಸುತ್ತಲೇ ಇದೆ. ಎರಡು ನಿಮಿಷ ಚಲನೆ ನೋಡಿದ ಕಣ್ಣಿಗೆ ಅದು ಫ್ಯಾನಿನ ಸದ್ದಿನ ಹಾಗೆ, ಇದ್ದರೂ ಇಲ್ಲದ ಹಾಗೆ. ನಿಜವಾಗಿ ಏನೋ ಆದಾಗ ಖರ್ಚು ಮಾಡಲು ನಿಮ್ಮ ಹತ್ತಿರ ಏನೂ ಉಳಿದಿಲ್ಲ. ಮೊದಲ ಎರಡು ನಿಮಿಷ ಟ್ರೈಪಾಡ್ ಮೇಲೆ, ಕದಲದ ಫ್ರೇಮ್‌ಗಳು. ಒಂದೇ ಒಂದು ಚಲನೆ, ಅದು ಅಪ್ಪನ ಮೇಲೆ.

ಯಾವಾಗ? ನಿಮ್ಮ ದೃಶ್ಯದಲ್ಲೇ ಉತ್ತರ ಇದೆ. ಅಡಕತ್ತರಿ. ಆ ಕಟ್ ಕಟ್ ಸದ್ದು ದೃಶ್ಯದ ಮೊದಲಿನಿಂದ ಕೇಳುತ್ತಿರಲಿ. ಮಗನ ಮಾತಿಗಲ್ಲ, ಸದ್ದು ನಿಂತದ್ದಕ್ಕೆ ಕ್ಯಾಮೆರಾ ಹೊರಡಲಿ. ಮಾತು ಮುಗಿಯಿತು, ಇನ್ನೊಂದು ಕಟ್, ಆಮೇಲೆ ಕೈ ನಿಂತಿತು, ಒಂದು ಸೆಕೆಂಡ್ ಏನಿಲ್ಲ, ಈಗ ಹೊರಡಿ. ಮಾತಿನ ಜೊತೆಗೇ ಹೊರಟರೆ "ಈಗ ಬೇಜಾರು ಪಟ್ಟುಕೊಳ್ಳಿ" ಅಂತ ನಿರ್ದೇಶಕರು ಹೇಳಿಕೊಟ್ಟ ಹಾಗೆ. ಸದ್ದು ನಿಂತ ಮೇಲೆ ಹೊರಟರೆ, ಏನಾಯಿತು ಅಂತ ನೋಡಲು ನೋಡುವವರೇ ಬಗ್ಗಿದ ಹಾಗೆ.

ಮಗನ ಕಡೆ ಹೋಗಿದ್ದು ಇನ್ನೊಂದು ತಪ್ಪು. ಮಾತಾಡುವವನಿಗೆ ಈ ಸುದ್ದಿ ಹಳೆಯದು, ಅವನು ಬರುವ ಮುಂಚೆಯೇ ಅಡ್ವಾನ್ಸ್ ಈಸಿಕೊಂಡಿದ್ದಾನೆ. ಆ ಕ್ಷಣದಲ್ಲಿ ಯಾರಿಗೆ ಲೋಕ ಬದಲಾಯಿತೋ ಅವರ ಕಡೆ ಹೋಗಬೇಕು. ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಹಿಂದಿ ನಿರ್ದೇಶಕ ಗುರುದತ್‌ಗಾಗಿ ಚಿತ್ರೀಕರಿಸಿದ ಹಾಡುಗಳನ್ನು ಸೌಂಡ್ ಆಫ್ ಮಾಡಿ ನೋಡಿ. ಟ್ರಾಲಿ ಯಾರ ಮುಖದ ಕಡೆ ಹೋಗುತ್ತದೆ, ಯಾವ ಹೊತ್ತಿಗೆ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಂಡರೆ ಒಂದು ಸಂಜೆಯಲ್ಲಿ ಸಾಕಷ್ಟು ಕಲಿಯಬಹುದು.

ರೀಶೂಟ್‌ಗೆ ಮುಂಚೆ ಒಂದು ಕೆಲಸ ಮಾಡಿ. ಫೋರ್‌-ಕೆ ಕದಲದ ಟೇಕ್ ಇದೆಯಾ? ಅದನ್ನು 1080ರ ಟೈಮ್‌ಲೈನಿಗೆ ಹಾಕಿ, ಫ್ರೇಮಿಗೆ ಸರಿಹೊಂದಿಸಿ, ಸ್ಕೇಲ್ ಅನ್ನು 12 ಸೆಕೆಂಡಿನಲ್ಲಿ 100ರಿಂದ 133ಕ್ಕೆ ಏರಿಸಿ. ಶುರುವಿನ ಜಾಗವನ್ನು ಅರ್ಧರ್ಧ ಸೆಕೆಂಡ್ ಹಿಂದೆ ಮುಂದೆ ಮಾಡಿ ನಾಲ್ಕು ಆವೃತ್ತಿ ನೋಡಿ. ಯಾವುದು ಕೆಲಸ ಮಾಡುತ್ತದೆ ಅಂತ ಗೊತ್ತಾದ ಮೇಲೆ ಜಮಖಾನ ಎಳೆಯಿರಿ.

ಜಗಲಿಕಟ್ಟೆ

ಹಾಗಾದರೆ ಎಡಿಟ್‌ನಲ್ಲಿ ಮಾಡಿದ ಜೂಮ್ ಅನ್ನೇ ಇಟ್ಟುಕೊಂಡರೆ ಆಗಲ್ವಾ? ಈಗಿನ ಗಿಂಬಲ್ ಶಾಟನ್ನೇ ಸ್ಟೆಬಿಲೈಸ್ ಮಾಡಿ ಉಳಿಸಬಹುದಾ? ಪುಶ್-ಇನ್ ಬದಲು ಪುಲ್-ಔಟ್ (ಕ್ಯಾಮೆರಾ ಹಿಂದೆ ಸರಿಯುವುದು) ಮಾಡಿ ಅಂತ ಒಬ್ಬ ಗೆಳೆಯ ಹೇಳುತ್ತಿದ್ದಾನೆ.

ಕತ್ತರಿಪ್ರಯೋಗ

ಜೂಮ್‌ನಲ್ಲಿ ಮುಖವೂ ಗೋಡೆಯೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಕ್ಯಾಮೆರಾನೇ ಹತ್ತಿರ ಹೋದರೆ ಮುಖ ಹೆಚ್ಚು, ಹಿಂದಿನ ಗೋಡೆ ಕಡಿಮೆ ಹಿಗ್ಗುತ್ತದೆ; ಅಪ್ಪ ಮನೆಯಿಂದ ಬಿಡಿಸಿಕೊಂಡು ಬಂದ ಹಾಗೆ ಕಾಣುತ್ತಾನೆ. ಬಾಗಿಲ ಚೌಕಟ್ಟಿನ ಅಂಚೋ ಕಂಬವೋ ಲೆನ್ಸಿಗೆ 60-70 ಸೆಂಟಿಮೀಟರ್ ದೂರದಲ್ಲಿ ಮಸುಕಾಗಿದ್ದು, ಮುಂದೆ ಹೋಗುತ್ತ ಫ್ರೇಮಿನಾಚೆ ಸರಿದರೆ ಇನ್ನೂ ಚೆನ್ನ. ಜೂಮ್‌ನಿಂದ ಅದು ಸಾಧ್ಯವಿಲ್ಲ. ಅಪ್ಪನ ಹಿಂದೆ ಖಾಲಿ ಗೋಡೆ ಮಾತ್ರ ಇದ್ದು ಮುಂದೆ ಏನೂ ಇಲ್ಲದಿದ್ದರೆ, ನಿಜ ಹೇಳಬೇಕೆಂದರೆ ವ್ಯತ್ಯಾಸ ಹೆಚ್ಚು ಜನಕ್ಕೆ ಗೊತ್ತಾಗುವುದಿಲ್ಲ.

ಹಳೇ ಶಾಟ್ ಉಳಿಸುವುದು ಕಷ್ಟ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ವಾರ್ಪ್ ಸ್ಟೆಬಿಲೈಜರ್ ತಾನಾಗಿ ಸಬ್‌ಸ್ಪೇಸ್ ವಾರ್ಪ್ (ಚಿತ್ರದ ಭಾಗಗಳನ್ನು ಬೇರೆ ಬೇರೆಯಾಗಿ ಬಗ್ಗಿಸುವ ವಿಧಾನ), ಸ್ಮೂತ್‌ನೆಸ್ 50 ಶೇಕಡಾ ಇಟ್ಟುಕೊಂಡಿರುತ್ತದೆ, ಅದರಲ್ಲಿ ಬಾಗಿಲ ಚೌಕಟ್ಟು ಬಾಗುತ್ತದೆ. ಪೊಸಿಷನ್ ಮಾತ್ರ ಆರಿಸಿ 5ರಿಂದ 10 ಶೇಕಡಾ ಇಟ್ಟು ನೋಡಿ. ಕುಪ್ಪಳಿಕೆ ಕಡಿಮೆಯಾದೀತು. ಹೊರಡುವ ಹೊತ್ತು ತಪ್ಪಿದ್ದನ್ನು ಯಾವ ಪ್ಲಗಿನ್ನೂ ಸರಿಮಾಡದು.

ರೀಶೂಟ್‌ನಲ್ಲಿ ಪ್ರತಿ ಚಲನೆಗೂ ಮುಂಚೆ 3 ಸೆಕೆಂಡ್, ನಿಂತ ಮೇಲೆ 5 ಸೆಕೆಂಡ್ ಕದಲದೆ ಓಡಿಸಿ. ಚಲಿಸುತ್ತಿರುವ ಶಾಟಿನಿಂದ ನಿಂತ ಶಾಟಿಗೆ ಕಟ್ ಮಾಡಿದರೆ ಬಸ್ಸು ಬ್ರೇಕ್ ಹಾಕಿದ ಹಾಗಾಗುತ್ತದೆ.

ಅರೆಬೆಳಕು

ಪುಲ್-ಔಟ್ ಬಗ್ಗೆ ನಿಮ್ಮ ಗೆಳೆಯರನ್ನು ತಳ್ಳಿಹಾಕಬೇಡಿ. ಪುಶ್-ಇನ್ ಅಂದರೆ ಅಪ್ಪನ ಮನಸ್ಸಿನೊಳಗೆ ಹೋಗುವುದು. ಪುಲ್-ಔಟ್ ಅಂದರೆ ಅವನನ್ನು ಒಂಟಿ ಬಿಟ್ಟು ಬರುವುದು. ಚಿತ್ರದ ಮುಂದಿನ ಭಾಗದಲ್ಲಿ ಅಪ್ಪ ಏನಾದರೂ ತೀರ್ಮಾನ ಮಾಡುತ್ತಾನಾ? ಮಾಡುವುದಾದರೆ ಪುಶ್-ಇನ್. ಅವನ ಕೈಯಲ್ಲಿ ಏನೂ ಇಲ್ಲ, ಎಲ್ಲ ಮುಗಿದಿದೆ ಎಂದಾದರೆ ಪುಲ್-ಔಟ್, ಆಗ ಫ್ರೇಮಿನೊಳಗೆ ಹೊಸದಾಗಿ ಏನಾದರೂ ಬರಬೇಕು: ಖಾಲಿ ಮಣೆ, ಸುಲಿದಿಟ್ಟ ಅಡಿಕೆಯ ರಾಶಿ. ಬರೀ ನೆಲ ಕಂಡರೆ ವ್ಯರ್ಥ. ಒಂದೇ ದೃಶ್ಯದಲ್ಲಿ ಎರಡೂ ಬೇಡ.

ಟ್ರಾಲಿ_ಟ್ರ್ಯಾಕು

ಮೂರನೇ ದಾರಿಯೂ ಇದೆ, ಕ್ಯಾಮೆರಾ ಕದಲುವುದೇ ಬೇಡ. ಮಗ ಅಪ್ಪನ ಮುಂದೆ ಅಡ್ಡ ನಿಂತಿರಲಿ. ಮಾತು ಹೇಳಿ ಪಕ್ಕಕ್ಕೆ ಸರಿದಾಗ ಅಪ್ಪ ಕಾಣಲಿ. ಅರ್ಧ ದಿನದಲ್ಲಿ ಹಗುರಾಗಿ ಆಗುವ ಶಾಟ್. ಸ್ಲೇಟಿನ ಮೇಲೆ ಲಾಕ್ (ಕದಲದ್ದು), ಪುಶ್ ಅಂತ ಬರೆದು ಎರಡನ್ನೂ ತೆಗೆಯಿರಿ.

ಜಗಲಿಕಟ್ಟೆ

ಅಪ್ಪ ಮುಂದೆ ತೀರ್ಮಾನ ಮಾಡುತ್ತಾನೆ, ಹಾಗಾಗಿ ಪುಶ್-ಇನ್. ಸ್ಕೇಲ್ ಪರೀಕ್ಷೆಯಲ್ಲಿ ಸದ್ದು ನಿಂತು ಒಂದೂವರೆ ಸೆಕೆಂಡ್ ಆದ ಮೇಲೆ ಹೊರಟದ್ದೇ ಸರಿ ಕಂಡಿತು. ಜಮಖಾನದ ಅಭ್ಯಾಸವೂ ಆಯಿತು, ಚಲನೆ ನುಣ್ಣಗಿದೆ. ಆದರೆ ಎಳೆಯುವಾಗ ಬಟ್ಟೆ ನೆಲಕ್ಕೆ ಉಜ್ಜುವ ಸದ್ದು ಮೈಕಿಗೆ ಬೀಳುತ್ತಿದೆ, ಅದೂ ಪೂರ್ತಿ ಮೌನ ಬೇಕಾದ ಕಡೆ.

ಟ್ರಾಲಿ_ಟ್ರ್ಯಾಕು

ನೆಲ ಒರೆಸಿ, ಒಣಗಿದ ಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಕ್ಯಾಮೆರಾಗೆ ಕಾಣುವ ಕಡೆ ಬೇಡ, ಕೆಂಪು ನೆಲದ ಮೇಲೆ ಬಿಳಿ ಎದ್ದು ಕಾಣುತ್ತದೆ. ಎಳೆಯುವವರು ಬರಿಗಾಲಲ್ಲಿರಲಿ.

ಕತ್ತರಿಪ್ರಯೋಗ

ಆ 12 ಸೆಕೆಂಡಿನಲ್ಲಿ ಮಾತಿಲ್ಲವಲ್ಲ, ಶಾಟಿನ ಸದ್ದು ಬಿಟ್ಟುಬಿಡಿ. ಯಾರೂ ಅಲುಗಾಡದೆ ಅದೇ ಕೋಣೆಯ ಮೌನವನ್ನು 1 ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ ಕೆಳಗೆ ಹಾಕಿ. ಅಡಕತ್ತರಿಯನ್ನೂ ಮೈಕ್ ಹತ್ತಿರ ಹಿಡಿದು ಹತ್ತಿಪ್ಪತ್ತು ಸಲ ಕತ್ತರಿಸಿ ಇಟ್ಟುಕೊಳ್ಳಿ. ಕೊನೆಯ ಕಟ್ ಎಲ್ಲಿ ಬೀಳಬೇಕು ಅನ್ನುವುದನ್ನು ಎಡಿಟ್‌ನಲ್ಲಿ ಫ್ರೇಮ್ ಲೆಕ್ಕದಲ್ಲಿ ಸರಿಸಬೇಕಾಗುತ್ತದೆ.